ಪ್ರಕೃತಿಯೂ ಸ್ತ್ರೀಯರ ಕಾಯಕವೂ
(ಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ನಡೆದ ಉಪನ್ಯಾಸ)



ಮನುಷ್ಯನು ನೆಲ, ನೀರು, ಗಾಳಿ, ಗಿಡಮರಗಳ ನಡುವೆ ಹುಟ್ಟಿ, ಅವುಗಳಿಂದಲೇ ಬಾಳಿ, ಕೊನೆಗೆ ಅವುಗಳಲ್ಲಿಯೇ ಕೂಡತಕ್ಕವನು. ಇದು ಎಲ್ಲರೂ ಬಲ್ಲ ಮಾತು. ಆದರೆ ಆ ನೆಲದ ಕಾಳನ್ನೂ, ಆ ಬಾವಿಯ ನೀರನ್ನೂ, ಆ ಅಡವಿಯ ಸೌದೆಯನ್ನೂ ಒಲೆಯವರೆಗೆ ತಂದು ಮುಟ್ಟಿಸುವ ಕೈ ಯಾರದು, ಬಾವಿಯು ಬತ್ತಿದಾಗ ಮತ್ತೊಂದು ಬಾವಿಗೆ ನಡೆಯುವ ಕಾಲು ಯಾರದು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ವಿಚಾರಿಸುವುದು ಈಗ ಸಮಾಜಶಾಸ್ತ್ರದ ಒಂದು ಮುಖ್ಯ ಶಾಖೆಯಾಗಿ ಬೆಳೆದಿರುತ್ತದೆ. ಆ ವಿಚಾರವನ್ನು ಪಡುವಣ ಕಡಲಿನ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸೀಮೆಯ ಮೇಲಿಟ್ಟು ನೋಡುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ಒಂದು ಪದದ ಮಾತು. ಹೆಣ್ಣುಗಂಡುಗಳಿಗೆ ಸಮಾಜವು ಹೊರಿಸಿದ ಭೇದಕ್ಕೆ ವಿದ್ವಾಂಸರು ಈಚೆಗೆ 'ಲಿಂಗತ್ವ' ಎಂಬ ಶಬ್ದವನ್ನು ಬಳಸತೊಡಗಿರುವರು. ಈ ಸಭೆಯಲ್ಲಿ ಲಿಂಗವೆಂದೊಡನೆ ಕರಸ್ಥಲದ ಇಷ್ಟಲಿಂಗವೇ ನೆನಪಿಗೆ ಬರುವುದು ಸಹಜವಾದುದರಿಂದ, ಇಲ್ಲಿ ಆ ಶಬ್ದವನ್ನು ಬಿಟ್ಟು 'ಸ್ತ್ರೀಪುರುಷಭೇದ' ಎಂದೇ ಹೇಳಲಾಗುವುದು. ಈ ಭೇದವು ಎರಡು ಬಗೆಯದು. ಸೃಷ್ಟಿಯು ಮಾಡಿದ ಭೇದವೊಂದು, ಸಮಾಜವು ಮಾಡಿದ ಭೇದವಿನ್ನೊಂದು. ಹೆರುವುದು ಸೃಷ್ಟಿಯ ಕಟ್ಟಳೆ. ಹೆತ್ತವಳೇ ಕೊಡವನ್ನು ಹೊರಬೇಕು, ಅವಳೇ ಸೆಗಣಿ ಬಾಚಬೇಕು, ಆದರೆ ಹೊಲದ ಉತಾರದಲ್ಲಿ ಅವಳ ಹೆಸರು ಇರತಕ್ಕುದಲ್ಲ ಎಂಬುದು ಮನುಷ್ಯನ ಕಟ್ಟಳೆ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿಯವರು ೧೯೭೨ರ ತಮ್ಮ ಗ್ರಂಥದಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಮೊದಲನೆಯದನ್ನು ಮಾರ್ಪಡಿಸಲಾಗದು, ಎರಡನೆಯದನ್ನು ಮನುಷ್ಯರು ಮಾಡಿದರು, ಆದುದರಿಂದ ಮನುಷ್ಯರು ತಿದ್ದಬಲ್ಲರು.

ಸಮಾಜಶಾಸ್ತ್ರಕ್ಕೂ ಪ್ರಕೃತಿಗೂ ಇರುವ ನಂಟು ಭರತಖಂಡದಲ್ಲಿ ಹಳೆಯದೇ ಸರಿ. ೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಈ ಶಾಸ್ತ್ರದ ವಿಭಾಗವನ್ನು ತೆರೆದಾಗ ಅದರ ಪ್ರಾಧ್ಯಾಪಕ ಪೀಠಕ್ಕೆ ಬಂದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸರು. ಜೀವಶಾಸ್ತ್ರವನ್ನು ಕಲಿತಿದ್ದ ಅವರು ಸ್ಥಳ, ಕೆಲಸ, ಜನ ಎಂಬ ಮೂರನ್ನೂ ಒಟ್ಟಿಗೆ ನೋಡದೆ ಯಾವ ಊರನ್ನೂ ಅರಿಯಲಾಗದೆಂದು ಬೋಧಿಸಿದರು. ಲಖನೌದ ರಾಧಾಕಮಲ ಮುಖರ್ಜಿಯವರು ೧೯೨೬ರಲ್ಲಿ ಪ್ರಾದೇಶಿಕ ಸಮಾಜಶಾಸ್ತ್ರವನ್ನು ಕುರಿತು ಗ್ರಂಥವನ್ನು ಬರೆದು, ನದಿ, ಮಣ್ಣು, ಮಳೆಗಳೂ ಸಮಾಜದ ಅಂಗಗಳೇ ಎಂಬ ವಿಚಾರವನ್ನು ಮುಂದುವರಿಸಿದರು. ಆದರೆ ಆ ಕಾಲದ ವಿಚಾರದಲ್ಲಿ 'ಜನ'ವೆಂಬುದು ಬಹುಮಟ್ಟಿಗೆ ಒಂದೇ ಮುದ್ದೆಯಾಗಿ ಉಳಿಯಿತು. ೧೯೭೦ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ ಅವರು ಆ ಮುದ್ದೆಯನ್ನು ಬಿಡಿಸಿದರು. ಬೇಸಾಯದಲ್ಲಿ ದುಡಿಯುವವಳು ಹೆಣ್ಣಾದರೂ ಹೊಸ ಉಪಕರಣ, ಹೊಸ ಶಿಕ್ಷಣಗಳೆಲ್ಲ ಗಂಡಿನ ಕೈಸೇರುತ್ತವೆಂದು ಅವರು ತೋರಿಸಿಕೊಟ್ಟರು.

ಈ ಮಾರ್ಗದಲ್ಲಿ ವಿಶೇಷವಾಗಿ ಸ್ಮರಿಸತಕ್ಕ ಸಮಾಜಶಾಸ್ತ್ರಜ್ಞೆಯು ಜರ್ಮನಿಯ ಮರಿಯಾ ಮೀಸ್. ೧೯೩೧ರಲ್ಲಿ ಜನಿಸಿ ೨೦೨೩ರಲ್ಲಿ ಕಾಲವಾದ ಈ ವಿದುಷಿಯು ೧೯೬೦ರ ದಶಕದಲ್ಲಿ ಪುಣೆಯಲ್ಲಿ ಅಧ್ಯಾಪಕಿಯಾಗಿದ್ದು ಭಾರತವನ್ನು ಬಲ್ಲವರಾಗಿದ್ದರು. ಆಂಧ್ರದ ಗೋದಾವರಿಯ ಮುಖಜಭೂಮಿಯಲ್ಲಿರುವ ನರಸಾಪುರದ ಲೇಸು ಹೆಣೆಯುವ ಹೆಂಗಸರನ್ನು ಕುರಿತು ಅವರು ಬರೆದ ಗ್ರಂಥವು ೧೯೮೨ರಲ್ಲಿ ಹೊರಬಂದಿತು. ಆ ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಹೆಣೆದ ಲೇಸು ಸಮುದ್ರವನ್ನು ದಾಟಿ ಪರದೇಶಗಳ ಪೇಟೆಗೆ ಹೋಗುತ್ತಿತ್ತು. ವ್ಯಾಪಾರಿಗಳು ಧನವಂತರಾದರು. ಹೆಣೆದವಳನ್ನು ಮಾತ್ರ ಯಾರೂ ಕೆಲಸಗಾರಳೆಂದು ಕರೆಯಲಿಲ್ಲ. ಅವಳು ಗೃಹಿಣಿ, ಬಿಡುವಿನಲ್ಲಿ ಏನೋ ಹೆಣೆಯುವವಳು ಎಂದರು. ಕೆಲಸವನ್ನು ಬಿಡುವೆಂದು ಕರೆದ ಮೇಲೆ ಕೂಲಿಯನ್ನು ಇಳಿಸುವುದು ಸುಲಭವಾಯಿತು. ಹೆಣ್ಣಿನ ದುಡಿಮೆಯನ್ನು ಈ ಪರಿಯಾಗಿ 'ಗೃಹಿಣೀಕರಣ' ಮಾಡಿ ಮರೆಸುವ ಸಮಾಜವೇ ಅಡವಿ, ನದಿ, ಸಮುದ್ರಗಳನ್ನೂ ಬೆಲೆಯಿಲ್ಲದೆ ದೊರೆತ ವಸ್ತುಗಳೆಂದು ಬಗೆದು ಸೂರೆಮಾಡುತ್ತದೆ ಎಂಬುದು ಮೀಸರ ಸಿದ್ಧಾಂತದ ಸಾರವು.

ಈ ಸಿದ್ಧಾಂತದಿಂದ ಮುಂದೆ ಎರಡು ಪಕ್ಷಗಳು ಹುಟ್ಟಿದವು. ೧೯೮೮ರ ಗ್ರಂಥದಲ್ಲಿ ವಂದನಾ ಶಿವಾ ಅವರೂ, ೧೯೯೩ರಲ್ಲಿ ಅವರೊಡನೆ ಕೂಡಿ ಬರೆದ ಮೀಸರೂ ಹೇಳುವ ಪ್ರಕಾರ ಸ್ತ್ರೀಗೂ ಪ್ರಕೃತಿಗೂ ಆಪ್ತವಾದ ಬಂಧವಿರುವುದು. ಒಂದಕ್ಕೆ ಬಿದ್ದ ಪೆಟ್ಟು ಇನ್ನೊಂದಕ್ಕೂ ತಾಗುವುದು. ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲರು ೧೯೯೨ರ ಪ್ರಬಂಧದಲ್ಲಿ ಇದನ್ನು ತಿದ್ದಿದರು. ಹೆಣ್ಣು ಮರವನ್ನು ಕಾಯುವುದು ಅವಳು ಹೆಣ್ಣಾದ ಮಾತ್ರದಿಂದಲ್ಲ. ಸೌದೆ ನೀರುಗಳ ಕೆಲಸ ಅವಳ ಪಾಲಿಗೆ ಬಂದುದರಿಂದ, ಹಾಗೂ ಸ್ವಂತ ಭೂಮಿಯಿಲ್ಲದೆ ಊರೊಟ್ಟಿನ ಅಡವಿಯನ್ನೇ ಅವಳು ನೆಚ್ಚಬೇಕಾದುದರಿಂದ ಎಂದು ಅವರು ವಾದಿಸಿದರು. ಈ ಎರಡು ಪಕ್ಷಗಳಲ್ಲಿ ಯಾವುದು ಗ್ರಾಹ್ಯವು? ಗ್ರಂಥದಿಂದಲ್ಲ, ಊರಿನಿಂದ ಇದನ್ನು ನಿರ್ಣಯಿಸತಕ್ಕದ್ದು.

ಉಡುಪಿಯ ಸೀಮೆಯು ಮೂಡಲಲ್ಲಿ ಪಶ್ಚಿಮಘಟ್ಟದಿಂದ ಪಡುವಲಲ್ಲಿ ಕಡಲಿನವರೆಗೆ ಇಳಿಜಾರಾಗಿ ಹಬ್ಬಿರುತ್ತದೆ. ಕಾರ್ಕಳದ ಗೊಮ್ಮಟನು ೧೪೩೨ರಿಂದಲೂ ಆ ಘಟ್ಟದ ಬುಡದಲ್ಲಿ ನಿಂತಿರುವನು. ಕಾಪುವಿನ ದೀಪಸ್ತಂಭವು ೧೯೦೧ರಿಂದ ಬಂಡೆಯ ಮೇಲೆ ನಿಂತು ನಾವಿಕರಿಗೆ ದಾರಿ ತೋರುತ್ತಿರುವುದು. ೨೦೧೧ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ ೧೦೯೪ ಹೆಂಗಸರಿದ್ದರು. ಗಂಡಸರು ತಲೆತಲಾಂತರದಿಂದ ಮುಂಬಯಿಯ ಹೋಟೆಲುಗಳಿಗೂ ತರುವಾಯ ಅರಬ್ಬೀ ದೇಶಗಳಿಗೂ ದುಡಿಯಲು ಹೋದುದು ಇದಕ್ಕೊಂದು ಕಾರಣವು. ಹೀಗಿರಲು ಊರಿನ ಗದ್ದೆ, ತೋಟ, ಬಾವಿಗಳನ್ನು ಅನೇಕ ಮನೆಗಳಲ್ಲಿ ನೋಡಿಕೊಂಡವಳು ಹೆಣ್ಣೇ.

ಕಡಲಿನಿಂದ ಪ್ರಾರಂಭಿಸೋಣ. ಹಿಂದೆ ಈ ತೀರದಲ್ಲಿ ರಂಪಣಿಯೆಂಬ ಬಲು ಉದ್ದನೆಯ ಬಲೆಯಿದ್ದಿತು. ಹತ್ತಾರು ಮನೆಗಳ ಗಂಡಸರು ಕೂಡಿ ಅದನ್ನು ದಡಕ್ಕೆ ಎಳೆಯುತ್ತಿದ್ದರು. ಬಂಗುಡೆ ಬೂತಾಯಿಗಳು ಊರಿನ ಮರಳಿನ ಮೇಲೆಯೇ ಬೀಳುತ್ತಿದ್ದವು. ಮೊಗವೀರ ಸ್ತ್ರೀಯರು ಅಲ್ಲಿಯೇ ಬುಟ್ಟಿ ತುಂಬಿಕೊಂಡು ತಲೆಯ ಮೇಲೆ ಹೊತ್ತು ಒಳನಾಡಿನ ಮನೆಮನೆಗೂ ಮಾರುತ್ತಿದ್ದರು. ಉಳಿದುದನ್ನು ಉಪ್ಪಿಟ್ಟು ಒಣಗಿಸಿ ಮಳೆಗಾಲಕ್ಕೆ ಕಾದಿಡುತ್ತಿದ್ದರು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದುವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತುವರಿದು ಹಿಡಿಯಲ್ಪಟ್ಟಿತು. ರಂಪಣಿಯವರು ಪ್ರತಿಭಟಿಸಿದರು, ಆದರೆ ಕೆಲವೇ ವರ್ಷಗಳಲ್ಲಿ ರಂಪಣಿಯು ಹಿಂದೆ ಸರಿಯಿತು.

ಇದನ್ನು ಬಲೆಗೂ ಬಲೆಗೂ ನಡೆದ ಜಗಳವೆಂದೇ ಸಾಮಾನ್ಯವಾಗಿ ಹೇಳುವರು. ಸಮಾಜಶಾಸ್ತ್ರದ ಕಣ್ಣು ಬುಟ್ಟಿಯನ್ನೂ ನೋಡುತ್ತದೆ. ಮೀನು ಬೀಳುವ ಸ್ಥಳವು ಊರಿನ ಮರಳಿನಿಂದ ಮಲ್ಪೆಯ ಬಂದರಕ್ಕೆ ಹೋದಾಗ ಬುಟ್ಟಿಯವಳು ಬಸ್ಸಿನ ದಾರಿಯನ್ನು ಹಿಡಿಯಬೇಕಾಯಿತು. ಮನೆಯವರ ಪಾಲಾಗಿ ದೊರೆಯುತ್ತಿದ್ದುದನ್ನು ಏಲಮಿನಲ್ಲಿ ಹಣ ಕೊಟ್ಟು ಕೊಳ್ಳಬೇಕಾಯಿತು. ಹಣವಿಲ್ಲದವಳು ಸಾಲಕ್ಕೆ ಕೈಯೊಡ್ಡಿದಳು. ಮೀನಿನ ಹುಡಿ, ಮೀನೆಣ್ಣೆಗಳ ಕಾರ್ಖಾನೆಗಳು ಎದ್ದ ಮೇಲೆ ಬಡವರ ಅನ್ನದ ಸಂಗಾತಿಯಾದ ಬೂತಾಯಿಗೆ ಹೊಸ ಗಿರಾಕಿಗಳೂ ಬಂದರು. ಈಗ ಪ್ರತಿವರ್ಷ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಂತ್ರದೋಣಿಗಳಿಗೆ ನಿಷೇಧವಿರುವುದು. ಮೀನಿನ ಸಂತತಿಗೆ ಅದು ಅವಶ್ಯವು. ಆದರೆ ಆ ಎರಡು ತಿಂಗಳು ಬುಟ್ಟಿಯವಳ ಮನೆಯಲ್ಲಿ ಒಲೆ ಹೇಗೆ ಉರಿಯಬೇಕೆಂಬುದೂ ಸಮುದ್ರಶಾಸ್ತ್ರದ ಪ್ರಶ್ನೆಯಷ್ಟೇ ಮಹತ್ತ್ವದ್ದು.

ಕಡಲಿನಿಂದ ಸ್ವಲ್ಪ ಮೇಲೇರಿದರೆ ಕಾಪುವಿಗೆ ಸಮೀಪದ ಶಂಕರಪುರವು ಸಿಗುವುದು. ಉಡುಪಿ ಮಲ್ಲಿಗೆಯ ಮುಖ್ಯ ಪೇಟೆಯಿದು. ನಸುಕಿನಲ್ಲಿಯೇ ಮೊಗ್ಗುಗಳನ್ನು ಬಿಡಿಸಿ ಬಾಳೆಯ ನಾರಿನಿಂದ ಕಟ್ಟಬೇಕು. ೮೦೦ ಮೊಗ್ಗು ಸೇರಿದರೆ ಒಂದು ಚೆಂಡು; ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಂದರೆ ಒಂದು ಅಟ್ಟೆಗೆ ಬೆರಳುಗಳು ೩೨೦೦ ಸಲ ಗಿಡದತ್ತ ಹೋಗಬೇಕು, ೩೨೦೦ ಸಲ ನಾರಿನತ್ತ ಬರಬೇಕು. ಮನೆಯ ಹಿತ್ತಿಲಿನ ಸೆಂಟುಗಳಷ್ಟು ಭೂಮಿಯಲ್ಲಿ ಈ ಬೆಳೆಯು ಅನೇಕ ಕುಟುಂಬಗಳ ಹೆಂಗಸರಿಗೆ ಸ್ವಂತ ಕಾಸನ್ನು ಕೊಟ್ಟಿರುತ್ತದೆ. ಮಕ್ಕಳ ಶಾಲೆಯ ಖರ್ಚು ಅದರಿಂದ ನಡೆದ ಮನೆಗಳುಂಟು. ಇಲ್ಲಿ ಮೀಸರ ನರಸಾಪುರಕ್ಕಿಂತ ಒಂದು ಭೇದವಿದೆ. ಗಿಡವು ಮನೆಯದು, ದುಡಿದವಳಿಗೆ ಬೆಲೆಯ ತಿಳಿವಳಿಕೆಯುಂಟು, ಏಕೆಂದರೆ ದಿನದ ದರವು ಊರಿಗೆಲ್ಲ ಗೊತ್ತಾಗುವುದು. ಸಾಮ್ಯವೂ ಒಂದಿದೆ. ಅಕಾಲದ ಮಳೆ, ರೋಗ, ಪೇಟೆಯ ಕುಸಿತ ಇವುಗಳ ನಷ್ಟವನ್ನೆಲ್ಲ ಬೆಳೆದವರೇ ಹೊರಬೇಕು. ಕಟಪಾಡಿಯ ಬಳಿಯ ಮಟ್ಟುವಿನ ಗುಳ್ಳವೆಂಬ ಬದನೆಯು ಇಂಥದೇ ಇನ್ನೊಂದು ನೆಲದ ಸಂಪತ್ತು. ಅದಕ್ಕೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆಯಿತು. ಊರಿನ ಹೆಸರು ಬೀಜಕ್ಕೆ ಅಂಟಿಕೊಂಡು ಉಳಿಯಬೇಕಾದರೆ ಆ ಬೀಜವನ್ನು ವರ್ಷದಿಂದ ವರ್ಷಕ್ಕೆ ಆರಿಸಿ, ಒಣಗಿಸಿ, ಕಾಯ್ದಿಟ್ಟವರು ಇರಲೇಬೇಕಷ್ಟೆ.

ಕಾರ್ಕಳದ ಕಡೆಗೆ ಹೋದರೆ ಗೇರುಬೀಜದ ಕಾರ್ಖಾನೆಗಳುಂಟು. ಬ್ರೆಜಿಲಿನ ಈ ಮರವನ್ನು ಪೋರ್ಚುಗೀಜರು ಹದಿನಾರನೆಯ ಶತಮಾನದಲ್ಲಿ ಪಡುವಣ ತೀರಕ್ಕೆ ತಂದರು. ಬೀಜದ ಸಿಪ್ಪೆಯಲ್ಲಿ ಚರ್ಮವನ್ನು ಸುಡುವ ಎಣ್ಣೆಯಿರುವುದು. ಬೀಜವನ್ನು ಒಡೆಯುವ, ಸುಲಿಯುವ, ವಿಂಗಡಿಸುವ ಕೆಲಸದಲ್ಲಿ ತೊಡಗಿದವರಲ್ಲಿ ಬಹುಸಂಖ್ಯಾತರು ಸ್ತ್ರೀಯರು. ಕೈಗವಸು ತೊಟ್ಟರೆ ಕೈ ನಿಧಾನವಾಗುವುದು. ತೂಕದ ಮೇಲೆ ಕೂಲಿಯಾದಲ್ಲಿ ನಿಧಾನವೆಂದರೆ ನಷ್ಟವು. ಆದುದರಿಂದ ಎಣ್ಣೆಯನ್ನೋ ಬೂದಿಯನ್ನೋ ಬಳಿದ ಬರಿಗೈಯಿಂದ ದುಡಿದ ತಲೆಮಾರುಗಳುಂಟು. ಈಚೆಗೆ ಯಂತ್ರಗಳು ಬಂದು ಈ ಬಾಧೆಯನ್ನು ಕೆಲಮಟ್ಟಿಗೆ ಕಡಿಮೆ ಮಾಡಿವೆ. ಪೌಂಡಿಗೆ ೩೨೦ ತೂಗುವ ಇಡಿಯ ಬಿಳಿ ಗೋಡಂಬಿಯೊಂದು ದರ್ಜೆ, ೨೪೦ ತೂಗುವುದು ಅದಕ್ಕಿಂತ ಮೇಲಿನ ದರ್ಜೆ. ಗೋಡಂಬಿಗೆ ಇಷ್ಟು ಸೂಕ್ಷ್ಮವಾದ ಲೆಕ್ಕವಿರುವಲ್ಲಿ ಒಡೆದವಳ ಬೆರಳಿಗೆ ಲೆಕ್ಕವಿಲ್ಲದಿದ್ದುದು ವಿಷಾದದ ಸಂಗತಿಯು.

ಬೀಡಿಯ ಕೆಲಸವಾದರೋ ನರಸಾಪುರದ ಲೇಸಿನ ತದ್ರೂಪವೇ. ಹೊರಸೀಮೆಯ ಕಾಡಿನ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ಇವನ್ನು ಗುತ್ತಿಗೆದಾರನಿಂದ ತಂದು, ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಅನ್ನ ಬೇಯುವಷ್ಟರಲ್ಲಿ ಹತ್ತು, ಮಗು ಮಲಗಿದಾಗ ನೂರು ಹೀಗೆ ಕಟ್ಟಿ, ಸಾವಿರದ ಲೆಕ್ಕದಲ್ಲಿ ಕೂಲಿಯನ್ನು ಪಡೆಯುವ ಸ್ತ್ರೀಯರು ಈ ಸೀಮೆಯಲ್ಲಿ ಬಹಳ. ೧೯೬೬ರ ಬೀಡಿ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿಕೊಂಡಿತು. ಅದು ಸಣ್ಣ ಮಾತಲ್ಲ. ಆದರೆ ಹೊಗೆಸೊಪ್ಪಿನ ಧೂಳು ಸೇರುವುದು ಮನೆಯೊಳಗಿನ ಗಾಳಿಗೇ. ಅಲ್ಲಿಯೇ ಕೂಸೂ ಮಲಗಿರುತ್ತದೆ. ಪರಿಸರವೆಂದರೆ ಅಡವಿ ನದಿಗಳು ಮಾತ್ರವೆಂದು ತಿಳಿದವರು ಈ ಜಗಲಿಯ ಗಾಳಿಯನ್ನೂ ಪರಿಸರವೆಂದೇ ಎಣಿಸಬೇಕು.

ಇನ್ನು ಭೂಮಿಯ ಮಾತು. ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮುಂತಾದ ಸಮಾಜಗಳಲ್ಲಿ ಅಳಿಯಸಂತಾನವೆಂಬ ಕಟ್ಟಿತ್ತು. ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಇಳಿದುಬರುತ್ತಿದ್ದವು. ಗಂಡನು ಸತ್ತರೂ ಬಿಟ್ಟರೂ ಹೆಣ್ಣಿಗೆ ತವರುಮನೆಯ ನೆಲೆಯು ತಪ್ಪುತ್ತಿರಲಿಲ್ಲ. ಆದರೆ ಆಡಳಿತವು ಬಹುವಾಗಿ ಹಿರಿಯ ಸೋದರಮಾವನ ಕೈಯಲ್ಲಿದ್ದಿತು. ಹೆಸರು ಹೆಣ್ಣಿನ ಬಳಿಯದು, ಬೀಗದ ಕೈ ಗಂಡಸಿನದು. ೧೯೪೯ರ ಮದ್ರಾಸು ಅಳಿಯಸಂತಾನ ಕಾಯಿದೆಯು ಪಾಲಿನ ಹಕ್ಕನ್ನು ಕೊಟ್ಟಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಬಂದ ಮೇಲೆ ಹಳೆಯ ಕಟ್ಟು ಮೆಲ್ಲಮೆಲ್ಲನೆ ಕರಗಿತು. ೧೯೭೪ರ ಭೂಸುಧಾರಣೆಯು ಒಕ್ಕಲುಗಳಿಗೆ ಭೂಮಿಯ ಒಡೆತನವನ್ನು ತಂದುಕೊಟ್ಟ ಮಹತ್ಕಾರ್ಯವು. ಆದರೆ ಗೇಣಿಯ ಚೀಟಿಯು ಯಾರ ಹೆಸರಿನಲ್ಲಿತ್ತೋ ಅವನ ಹೆಸರಿಗೇ ಪಟ್ಟೆಯು ಆದುದು ಸಹಜವು. ನೇಜಿ ನೆಟ್ಟವಳ ಹೆಸರಿಗೆ ಚೀಟಿಯಿದ್ದುದು ಅಪರೂಪವು. ಘಟ್ಟದ ಬುಡದ ಕುಮ್ಕಿ ಜಾಗಗಳಿಂದ ಗದ್ದೆಗೆ ಸೊಪ್ಪನ್ನೂ ಒಲೆಗೆ ಸೌದೆಯನ್ನೂ ಹೊತ್ತು ತರುತ್ತಿದ್ದ ಹೆಂಗಸರಿಗೆ, ಅಲ್ಲಿ ರಬ್ಬರು ಅಕೇಶಿಯಾಗಳು ಬಂದ ಮೇಲೆ ದಾರಿಯು ದೂರವಾಯಿತು. ಈ ಮಾರ್ಪಾಡಿಗೆ ಅವರ ಒಪ್ಪಿಗೆಯನ್ನು ಕೇಳಿದವರಿಲ್ಲ.

ಮಣಿಪಾಲದ ಕಥೆಯು ಬೇರೊಂದು ಬಗೆಯದು. ಬೋಳುಗುಡ್ಡವಾಗಿದ್ದ ಈ ಸ್ಥಳದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ೧೯೫೩ರಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅದಕ್ಕೂ ಮೊದಲು ೧೯೨೫ರಲ್ಲಿ ಉಡುಪಿಯಲ್ಲಿ ಅವರೂ ಸಂಗಡಿಗರೂ ಹುಟ್ಟುಹಾಕಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಖ್ಯಾತವಾಗಿ ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆಯು, ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲನ್ನು ಹತ್ತದ ಹೆಂಗಸಿಗೂ ಅಡಿಗೆಯ ಡಬ್ಬಿಯ ಕಾಸನ್ನು ತನ್ನ ಹೆಸರಿಗೆ ಸೇರಿಸುವ ದಾರಿಯು ಇದರಿಂದ ತೆರೆಯಿತು. ಚಿಕ್ಕ ಉಪಾಯವು ದೊಡ್ಡ ಕಾನೂನಿನಷ್ಟೇ ಕೆಲಸ ಮಾಡಬಲ್ಲುದೆಂಬುದಕ್ಕೆ ಇದು ನಿದರ್ಶನವು.

ಅದೇ ಮಣಿಪಾಲದಲ್ಲಿ ಸೌಧಗಳು ಎದ್ದಂತೆಲ್ಲ ಕಲ್ಲು ಮಣ್ಣು ಹೊರಲು ಬಾಗಿಲುಕೋಟೆ, ವಿಜಯಪುರ, ಕೊಪ್ಪಳ, ಗದಗಗಳ ಕಡೆಯಿಂದ ಗಂಡಹೆಂಡಿರು ಮಕ್ಕಳೊಡನೆ ಬಂದರು. ಮಠದ ಭಕ್ತರ ಊರುಗಳ ಹೆಣ್ಣುಮಕ್ಕಳು ಅವರು. ಮಳೆ ತಪ್ಪಿದ ಎರೆಭೂಮಿಯನ್ನು ಬಿಟ್ಟು, ಮಳೆ ಸುರಿಯುವ ಸೀಮೆಗೆ ಬಂದು, ತಗಡಿನ ಜೋಪಡಿಯಲ್ಲಿ ರೊಟ್ಟಿ ಬಡಿಯುವವರು. ಉಡುಪಿ ಮಣಿಪಾಲಗಳಿಗೆ ನೀರು ಬರುವುದು ಕಾರ್ಕಳದ ಕಡೆಯ ಘಟ್ಟದಲ್ಲಿ ಹುಟ್ಟಿದ ಸ್ವರ್ಣಾನದಿಯ ಬಜೆ ಅಣೆಕಟ್ಟಿನಿಂದ. ೨೦೧೯ರ ಬೇಸಗೆಯಲ್ಲಿ ಅದು ತಳ ಕಂಡು ನೀರಿಗೆ ಸರದಿಯನ್ನು ಏರ್ಪಡಿಸಬೇಕಾಯಿತು. ಇಂಥ ವೇಳೆಯಲ್ಲಿ ತೊಟ್ಟಿಯುಳ್ಳ ಮನೆಗೆ ಒಂದು ಕಷ್ಟ, ತೊಟ್ಟಿಯಿಲ್ಲದ ಜೋಪಡಿಗೆ ಇನ್ನೊಂದು ಕಷ್ಟ. ಸ್ತ್ರೀಯರೆಲ್ಲ ಒಂದೇ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ೨೦೧೯ರಲ್ಲಿಯೇ ಭಾರತ ಸರಕಾರವು ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ ಮನೆಯ ಸಂಬಳವಿಲ್ಲದ ಕೆಲಸದಲ್ಲಿ ತೊಡಗಿದ ಸ್ತ್ರೀಯು ಸರಾಸರಿ ದಿನಕ್ಕೆ ೨೯೯ ನಿಮಿಷ, ಅಂಥ ಪುರುಷನು ೯೭ ನಿಮಿಷ ದುಡಿಯುವರು. ಸುಮಾರು ಐದು ಗಂಟೆಗಳ ಈ ದುಡಿಮೆಯು ದೇಶದ ಉತ್ಪನ್ನದ ಲೆಕ್ಕದಲ್ಲಿ ಬರುವುದಿಲ್ಲ.

ಈಗ ನಿರ್ಣಯಕ್ಕೆ ಬರಬಹುದು. ಪ್ರಕೃತಿಗೆ ಬಿದ್ದ ಪೆಟ್ಟು ಮೊದಲು ಹೆಣ್ಣಿಗೆ ತಾಗುವುದೆಂಬ ಮೀಸ್, ಶಿವಾ ಅವರ ಮಾತು ಕಡಲಲ್ಲಿಯೂ ಕುಮ್ಕಿಯಲ್ಲಿಯೂ ನಿಜವಾಗಿ ಕಂಡಿತು. ಆದರೆ ಅದರ ಕಾರಣವು ಸ್ತ್ರೀಸ್ವಭಾವವಲ್ಲ. ಕೆಲಸದ ಪಾಲು, ಭೂಮಿಯ ಖಾತೆ, ಕೈಯ ಹಣ ಇವೇ ಕಾರಣಗಳೆಂಬ ಅಗರವಾಲರ ಮಾತೇ ಹೆಚ್ಚು ಗಟ್ಟಿಯಾದುದು. ಹಿತ್ತಿಲು ಕೈಯಲ್ಲಿದ್ದ ಶಂಕರಪುರದವಳ ಸ್ಥಿತಿಯೂ, ಮೊರವಲ್ಲದೆ ಬೇರೇನಿಲ್ಲದ ಬೀಡಿಯವಳ ಸ್ಥಿತಿಯೂ ಒಂದೇ ಅಲ್ಲ. ಭೂಮಿಯನ್ನು ತಾಯಿ, ನದಿಯನ್ನು ತಾಯಿ, ಹೆಣ್ಣನ್ನು ಪ್ರಕೃತಿ ಎಂದು ಹೊಗಳುವುದು ಸುಲಭವು. ಪೂಜೆಗೆ ತಾಯಿ, ಖಾತೆಗೆ ಮಗ ಎಂಬ ನಡತೆಯು ಉಳಿದಿರುವವರೆಗೆ ಆ ಹೊಗಳಿಕೆಯು ಹೊರೆಯನ್ನು ಇಳಿಸುವುದಿಲ್ಲ. ಹೊತ್ತವಳ ಬಾಯನ್ನು ಕಟ್ಟುತ್ತದೆ.

ಆದುದರಿಂದ ಭಕ್ತರು ತಮ್ಮ ಊರುಗಳಲ್ಲಿ ಮಾಡತಕ್ಕ ಕೆಲಸಗಳು ಮೂರು. ಮೊದಲನೆಯದು, ಎಣಿಸುವುದು: ಮನೆಯಲ್ಲಿ ಯಾರ ದುಡಿಮೆ ಎಷ್ಟೆಂದು ಒಂದು ದಿನವಾದರೂ ಲೆಕ್ಕ ಹಾಕಬೇಕು. ಎರಡನೆಯದು, ಬರೆಯುವುದು: ೨೦೦೫ರ ತಿದ್ದುಪಡಿಯು ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕನ್ನು ಕೊಟ್ಟಿರುವುದರಿಂದ, ಹಕ್ಕುಬಿಡುಗಡೆಯ ಕಾಗದಕ್ಕೆ ಅವಳ ರುಜು ಹಾಕಿಸುವ ಬದಲು ಉತಾರದಲ್ಲಿ ಅವಳ ಹೆಸರನ್ನು ಹಾಕಿಸಬೇಕು. ಮೂರನೆಯದು, ಕೇಳುವುದು: ಕೆರೆಯ ಹೂಳು, ಗೋಮಾಳದ ಗುತ್ತಿಗೆ, ಕೊಳವೆಬಾವಿಯ ಸ್ಥಳ ಇವು ನಿರ್ಣಯವಾಗುವ ಕಟ್ಟೆಯ ಮೇಲೆ ಕೊಡ ಹೊರುವವಳಿಗೂ ಸ್ಥಾನವಿರಬೇಕು.

ಈ ಮೂರೂ ಹೊಸ ಮಾತುಗಳೆಂದು ಯಾರೂ ಅಂಜಬೇಕಾಗಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ದಂಪತಿಗಳ ಕಥೆಯನ್ನು ಈ ಸಭೆಯ ಮಕ್ಕಳೂ ಬಲ್ಲರು. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಆಯ್ದಕ್ಕಿ ಲಕ್ಕಮ್ಮನು ಹೇಳಿದಳು. ಅವನು ಹಾಗೆಯೇ ಮಾಡಿದನು. ನೆಲದಿಂದ ಎಷ್ಟು ಬೇಕೋ ಅಷ್ಟನ್ನೇ ತೆಗೆದುಕೊಳ್ಳಬೇಕೆಂಬುದು ಆ ಕಥೆಯ ಒಂದು ಅರ್ಥವು. ಎಷ್ಟು ಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವು ಲಕ್ಕಮ್ಮನಿಗೂ ಇದ್ದಿತು, ಮಾರಯ್ಯನು ಅದನ್ನು ಮನ್ನಿಸಿದನು ಎಂಬುದು ಅದರ ಇನ್ನೊಂದು ಅರ್ಥವು. ಮೊದಲನೆಯ ಅರ್ಥವನ್ನು ಪ್ರವಚನಗಳಲ್ಲಿ ಬಹಳ ಕೇಳಿಯಾಗಿದೆ. ಎರಡನೆಯದನ್ನು ಈ ಮಹೋತ್ಸವದ ವರ್ಷದಲ್ಲಿ ಒಂದೊಂದು ಮನೆಯೂ ನಡೆದು ತೋರಿಸುವುದಾದರೆ, ನೆರೆದವರ ಶ್ರಮವು ಸಾರ್ಥಕವಾದೀತು.